‘ಕೊಲ್ಲಿಯ ನೀರು 3 ದಿನಕ್ಕೆ ಬದಲಾಗುತ್ತದೆ’ ಎಂದು ಕಂಪ್ಯೂಟರ್ ಹೇಳಿದರೆ ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮ ಕಡೆಯ ಒಂದು ಕೊಲ್ಲಿಗೆ ಶುದ್ಧೀಕರಿಸಿದ ಚರಂಡಿ ನೀರನ್ನು ಕೊಳವೆ ಹಾಕಿ ಬಿಡುವ ಯೋಜನೆಯಿದೆ. ಕೊಲ್ಲಿ ಸುಮಾರು 8 ಕಿ.ಮೀ. ಉದ್ದ, 20 ಚದರ ಕಿ.ಮೀ. ವಿಸ್ತೀರ್ಣ. ಇಳಿತದ ಹೊತ್ತಿಗೆ ಸರಾಸರಿ ಆಳ 5 ಮೀಟರ್, ಉಬ್ಬರದಲ್ಲಿ ನೀರು ಸುಮಾರು 1 ಮೀಟರ್ ಏರುತ್ತದೆ. ಬಾಯಿ 300 ಮೀಟರ್ ಅಗಲ. ಒಳತುದಿಗೆ ಒಂದು ನದಿ ಸೇರುತ್ತದೆ. ಯೋಜನಾ ವರದಿ ಹೇಳುವುದು ಇಷ್ಟು: ಕಂಪ್ಯೂಟರ್ ಮಾದರಿಯ ಪ್ರಕಾರ ಕೊಲ್ಲಿಯ ನೀರು 3 ದಿನಕ್ಕೆ ಬದಲಾಗುತ್ತದೆ, ಮಾದರಿಯ ನೀರಿನ ಮಟ್ಟಕ್ಕೂ ಅಳತೆಗೂ ಸಹಸಂಬಂಧ 0.98; ಆದ್ದರಿಂದ ನೀರಿನ ಗುಣಮಟ್ಟಕ್ಕೆ ಧಕ್ಕೆಯಿಲ್ಲ. ಇದನ್ನು ನಂಬಬಹುದೇ? ಗಣಿತ ಓದಿಲ್ಲದ ನಮ್ಮಂಥವರು ಏನನ್ನು ಕೇಳಬೇಕು?

ಉತ್ತರ: ಆ 0.98 ನಿಜವೇ ಇರಬಹುದು. ಸಹಸಂಬಂಧ ಎಂದರೆ ಎರಡು ಗೆರೆಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಳತೆ; 1 ಬಂದರೆ ಪೂರ್ತಿ ಹೊಂದಿಕೆ. ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ನೀರಿನ ಮಟ್ಟವನ್ನು ಸರಿಯಾಗಿ ತೋರಿಸುವುದು ಕರಾವಳಿ ಮಾದರಿಗೆ ಇರುವ ಕೆಲಸಗಳಲ್ಲೆಲ್ಲ ಸುಲಭದ್ದು. ಕೊಳೆ ಎತ್ತ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ, ತಳದಲ್ಲಿ ಮೀನಿಗೆ ಉಸಿರಾಡಲು ಆಮ್ಲಜನಕ ಉಳಿಯುತ್ತದೆಯೇ ಎಂಬುದಕ್ಕೆ ಬೇರೆಯದೇ ಪರೀಕ್ಷೆ ಬೇಕು. ನೀವು ಕಳಿಸಿದ ಸಾರಾಂಶದಲ್ಲಿ ಅಂಥ ಪರೀಕ್ಷೆಯ ಸುಳಿವೇ ಇಲ್ಲ.

ಮೊದಲು, ಮಾದರಿ ಅಂದರೆ ಒಳಗೆ ಏನಿರುತ್ತದೆ ನೋಡೋಣ. ಕೊಲ್ಲಿಯನ್ನು ಮೇಲಿನಿಂದ ಚೌಕಗಳಾಗಿ ಅಥವಾ ತ್ರಿಕೋನಗಳಾಗಿ ಕತ್ತರಿಸುತ್ತಾರೆ, ಆಳದಲ್ಲಿ ಪದರಗಳಾಗಿ ಸೀಳುತ್ತಾರೆ. ಹೀಗೆ ಆದ ಒಂದೊಂದು ಕೋಣೆಗೂ ಒಂದು ಜಮಾ-ಖರ್ಚಿನ ಪುಸ್ತಕ ಇಟ್ಟಂತೆ: ಪಕ್ಕದ ಕೋಣೆಯಿಂದ ಬಂದ ನೀರೆಷ್ಟು, ಹೋದದ್ದೆಷ್ಟು, ಉಪ್ಪೆಷ್ಟು, ಶಾಖವೆಷ್ಟು, ಸಾರಜನಕವೆಷ್ಟು. ನೀರನ್ನು ದೂಡುವ ಬಲಗಳು ನ್ಯೂಟನ್ನನ ನಿಯಮಗಳಿಂದ ಬರುತ್ತವೆ: ಮಟ್ಟದ ಏರುಪೇರು, ಗಾಳಿಯ ಎಳೆತ, ತಳದ ಘರ್ಷಣೆ, ಭೂಮಿಯ ತಿರುಗುವಿಕೆ, ಉಪ್ಪುನೀರು ಸಿಹಿನೀರಿಗಿಂತ ಭಾರವಾಗಿರುವುದು. ನಿಮ್ಮ ಕೊಲ್ಲಿಯನ್ನು 100 ಮೀಟರ್ ಚೌಕಗಳಾಗಿ ಕತ್ತರಿಸಿದರೆ 2000 ಚೌಕ, 10 ಪದರ ಮಾಡಿದರೆ 20,000 ಕೋಣೆ. ಒಂದು ಹೆಜ್ಜೆಯಲ್ಲಿ ಎಷ್ಟು ಕಾಲ ಮುಂದೆ ಹೋಗಬಹುದು ಎಂಬುದಕ್ಕೂ ಮಿತಿಯಿದೆ. ಅಲೆ ಒಂದು ಕೋಣೆಯನ್ನು ದಾಟಲು ಹಿಡಿಯುವ ಕಾಲಕ್ಕಿಂತ ಹೆಜ್ಜೆ ದೊಡ್ಡದಾಗಬಾರದು, ಆದರೆ ಅಂಕಿಗಳು ಸಿಡಿದುಹೋಗುತ್ತವೆ. ಇದನ್ನು 1928ರಲ್ಲೇ, ಕಂಪ್ಯೂಟರ್ ಹುಟ್ಟುವ ಮೊದಲೇ, ಕೂರಾಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ ಎಂಬ ಮೂವರು ಗಣಿತಜ್ಞರು ತೋರಿಸಿದ್ದರು. 10 ಮೀಟರ್ ಆಳದಲ್ಲಿ ಉಬ್ಬರದ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಹಾಗಾಗಿ 100 ಮೀಟರ್ ಚೌಕಕ್ಕೆ ಸರಳ ವಿಧಾನದಲ್ಲಿ 10 ಸೆಕೆಂಡಿನ ಹೆಜ್ಜೆ. ಒಂದು ವರ್ಷ ಓಡಿಸಲು 31 ಲಕ್ಷಕ್ಕೂ ಹೆಚ್ಚು ಹೆಜ್ಜೆ. ಚೌಕವನ್ನು ಅರ್ಧಕ್ಕಿಳಿಸಿದರೆ ಕೋಣೆಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು, ಒಟ್ಟು ಕೆಲಸ ಎಂಟು ಪಟ್ಟು. ಈಗಿನ ತಂತ್ರಾಂಶಗಳು ಈ ಮಿತಿಯನ್ನು ಸಡಿಲಿಸುವ ಉಪಾಯಗಳನ್ನು ಬಳಸುತ್ತವೆ, ಆದರೂ ಸಲಹೆಗಾರರು ಚೌಕವನ್ನು ದೊಡ್ಡದಾಗಿಯೇ ಇಡಲು ನೋಡುವುದು ಈ ಎಂಟು ಪಟ್ಟಿನ ಕಾರಣಕ್ಕೇ.

ಇನ್ನು ಆ 0.98ರ ವಿಷಯ. ಮಾದರಿಗೆ ಕೊಲ್ಲಿಯ ಬಾಯಲ್ಲಿ ಸಮುದ್ರದ ಮಟ್ಟವನ್ನು ನಾವೇ ಕೊಡುತ್ತೇವೆ. ಅದು ಮಾದರಿಯ ತೆರೆದ ಗಡಿ. ನಿಮ್ಮ ಕೊಲ್ಲಿಯ ಆಳಕ್ಕೆ ಆ ಅಲೆ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಒಳಗೆ ಓಡುತ್ತದೆ. 8 ಕಿ.ಮೀ. ದಾಟಲು ಸುಮಾರು 19 ನಿಮಿಷ. ಉಬ್ಬರದ ಒಂದು ಸುತ್ತು 12 ಗಂಟೆ 25 ನಿಮಿಷ. ಅಂದರೆ ಒಳತುದಿಯ ನೀರಿನ ಮಟ್ಟ ಬಾಯಿಯ ಮಟ್ಟವನ್ನು ಹೆಚ್ಚುಕಡಿಮೆ ಅದೇ ಗಳಿಗೆಯಲ್ಲಿ ಹಿಂಬಾಲಿಸುತ್ತದೆ. ಈಗ ಒಂದು ಚೇಷ್ಟೆಯ ಲೆಕ್ಕ ಮಾಡಿ ನೋಡಿ. ಮಾದರಿಯನ್ನೇ ಓಡಿಸಬೇಡಿ. ಬಾಯಲ್ಲಿ ಅಳೆದ ಮಟ್ಟವನ್ನು ಹಾಗೆಯೇ ತೆಗೆದು ‘ಇದೇ ಒಳತುದಿಯ ಮಟ್ಟ’ ಎಂದು ಅಂಟಿಸಿಬಿಡಿ. 19 ನಿಮಿಷ ತಡವಾದ ಎರಡು ಒಂದೇ ಬಗೆಯ ಅಲೆಗಳ ನಡುವಿನ ಸಹಸಂಬಂಧ ಎಷ್ಟು ಗೊತ್ತೇ? 0.98ಕ್ಕಿಂತ ತುಸು ಹೆಚ್ಚೇ! ಏನೂ ಮಾಡದೆ ಸಿಗುವ ಅಂಕವನ್ನೇ ವರದಿ ಸಾಧನೆಯೆಂದು ತೋರಿಸಿದೆ. ಮಾದರಿಯಲ್ಲಿ ಆಳವನ್ನು ಶೇ 20ರಷ್ಟು ತಪ್ಪಾಗಿ ಕೊಟ್ಟಿದ್ದರೂ ಅಲೆಯ ವೇಗ ಶೇ 10ರಷ್ಟು ಬದಲಾಗಿ, ತಲುಪುವ ಹೊತ್ತು ಎರಡು ನಿಮಿಷ ಅತ್ತಿತ್ತ ಆಗುತ್ತಿತ್ತು. ಗ್ರಾಫಿನಲ್ಲಿ ಆ ವ್ಯತ್ಯಾಸ ಕಣ್ಣಿಗೂ ಕಾಣುವುದಿಲ್ಲ.

ಮಟ್ಟ ಸರಿಯಿದ್ದರೆ ಹರಿವೂ ಸರಿಯಿರಬೇಕಲ್ಲ ಎನ್ನುತ್ತೀರಿ. ಬಾಯಲ್ಲಿ ಹೌದು. ಒಂದು ಉಬ್ಬರಕ್ಕೆ 20 ಚದರ ಕಿ.ಮೀ. ಮೇಲೆ 1 ಮೀಟರ್ ನೀರು ಏರಬೇಕಾದರೆ 2 ಕೋಟಿ ಘನ ಮೀಟರ್ ನೀರು ಆರೂಕಾಲು ಗಂಟೆಯೊಳಗೆ ಆ 300 ಮೀಟರ್ ಬಾಯಿಯಲ್ಲಿ ನುಗ್ಗಬೇಕು. ಬಾಯಿ 8 ಮೀಟರ್ ಆಳ ಎಂದಿಟ್ಟುಕೊಂಡರೆ ಸೆಳೆತ ಸೆಕೆಂಡಿಗೆ 60 ಸೆಂ.ಮೀ. ತನಕ ಹೋಗುತ್ತದೆ. ಇದನ್ನು ಯಾವ ಮಾದರಿಯೂ ತಪ್ಪಿಸಿಕೊಳ್ಳಲಾರದು. ಆದರೆ ಕೊಲ್ಲಿಯ ನಡುಮಧ್ಯಕ್ಕೆ ಬನ್ನಿ. ಅಲ್ಲಿ ಅಗಲ 2.5 ಕಿ.ಮೀ., ಅಲ್ಲಿಂದ ಒಳಗೆ ಹೋಗಬೇಕಾದ ನೀರು ಅರ್ಧವೇ. ಸೆಳೆತ ಸೆಕೆಂಡಿಗೆ 5 ಸೆಂ.ಮೀ.ಗೆ ಇಳಿದುಬಿಡುತ್ತದೆ. ಅಲ್ಲಿ ಒಂದು ತೇಲುಬುಂಡೆ ಬಿಟ್ಟರೆ ಉಬ್ಬರದಲ್ಲಿ ಸುಮಾರು 700 ಮೀಟರ್ ಒಳಗೆ ಹೋಗಿ, ಇಳಿತದಲ್ಲಿ ಅಷ್ಟೇ ಹೊರಗೆ ಬಂದು ನಿಲ್ಲುತ್ತದೆ. ಒಳತುದಿಯ ನೀರಿಗಂತೂ ಬಾಯಿಯ ದರ್ಶನವೇ ಇಲ್ಲ.

ಹಾಗಾದರೆ ಒಳಗಿನ ನೀರನ್ನು ಹೊರಗೆ ಸಾಗಿಸುವವರು ಯಾರು? ಉಬ್ಬರ ಇಳಿತಗಳ ಹೋಗಿ-ಬರುವಿಕೆಯನ್ನು ಕಳೆದ ಮೇಲೆ ಉಳಿಯುವ ಸಣ್ಣ ಸೆಳೆತ. ಗಾಳಿಯಿಂದ, ನದಿಯ ನೀರಿನಿಂದ, ಸಾಂದ್ರತೆಯ ವ್ಯತ್ಯಾಸದಿಂದ, ದಂಡೆಯ ಅಂಕುಡೊಂಕಿನಿಂದ ಹುಟ್ಟುವ ಈ ಉಳಿಕೆ ಸೆಳೆತ ಸೆಕೆಂಡಿಗೆ ಎರಡು ಮೂರು ಸೆಂ.ಮೀ. ಇದ್ದರೆ ಹೆಚ್ಚು. ಆದರೆ ಅದು ಒಂದೇ ದಿಕ್ಕಿಗೆ ಹಗಲೂ ರಾತ್ರಿ ನಡೆಯುತ್ತದೆ: ಸೆಕೆಂಡಿಗೆ 2.5 ಸೆಂ.ಮೀ. ಎಂದರೆ ದಿನಕ್ಕೆ 2 ಕಿ.ಮೀ.ಗೂ ಮಿಕ್ಕಿ. ಬಾಯಿಯ 60 ಸೆಂ.ಮೀ. ಸೆಳೆತದಲ್ಲಿ 3 ಸೆಂ.ಮೀ. ತಪ್ಪಾದರೆ ಯಾರೂ ಗಮನಿಸುವುದಿಲ್ಲ, ಶೇ 5ರ ತಪ್ಪು, ಒಳ್ಳೆಯ ಮಾದರಿ ಎನ್ನುತ್ತಾರೆ. ಅದೇ 3 ಸೆಂ.ಮೀ. ಒಳಗಡೆ ತಪ್ಪಾದರೆ ಕೊಳೆ ಹೋಗುವ ದಿಕ್ಕೇ ತಿರುಗಿಬಿಡಬಹುದು. ನಿಮ್ಮ ಕೊಳವೆಯ ಭವಿಷ್ಯ ನಿಂತಿರುವುದು ಈ ಸಣ್ಣ ಅಂಕಿಯ ಮೇಲೆ. ನೀರಿನ ಮಟ್ಟದ ಗ್ರಾಫಿಗೆ ಅದು ಗೊತ್ತೇ ಇಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನದಿ ಸೇರುವ ಕೊಲ್ಲಿಗಳಲ್ಲಿ ಮೇಲಿನ ಪದರ ಹೊರಗೂ ತಳದ ಪದರ ಒಳಗೂ ಹರಿಯುವುದು ಸಾಮಾನ್ಯ. ಹಗುರವಾದ ಸಿಹಿನೀರು ಮೇಲೆ ತೇಲಿ ಸಮುದ್ರದ ಕಡೆ ಜಾರುತ್ತದೆ, ಭಾರದ ಉಪ್ಪುನೀರು ತಳದಲ್ಲಿ ಒಳಕ್ಕೆ ತೆವಳುತ್ತದೆ. ಅಮೆರಿಕದ ವರ್ಜೀನಿಯಾದ ಜೇಮ್ಸ್ ನದಿಯ ಅಳಿವೆಯಲ್ಲಿ ಡೊನಾಲ್ಡ್ ಪ್ರಿಚರ್ಡ್ 1950ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ ಮೇಲೆ ಈ ವಿಷಯದಲ್ಲಿ ವಾದವೇ ಉಳಿಯಲಿಲ್ಲ. ಈಗ ನಿಮ್ಮ ವರದಿಯಲ್ಲಿ ‘ಎರಡು ಆಯಾಮದ’ ಅಥವಾ ‘ಆಳ-ಸರಾಸರಿ’ ಎಂಬ ಮಾತು ಇದೆಯೇ ಹುಡುಕಿ. ಇದ್ದರೆ, ಪದರಗಳಿಲ್ಲದೆ ಮೇಲಿನಿಂದ ತಳದ ತನಕ ಒಂದೇ ಸರಾಸರಿ ಸೆಳೆತ ಇಟ್ಟುಕೊಳ್ಳುವ ಆ ಮಾದರಿಯಲ್ಲಿ ಮೇಲಿನ ಹೊರಹರಿವೂ ಕೆಳಗಿನ ಒಳಹರಿವೂ ಕೂಡಿ ಹೆಚ್ಚುಕಡಿಮೆ ಸೊನ್ನೆಯಾಗಿರುತ್ತದೆ. ಕೊಳವೆಯ ಬಾಯಿ ತಳದಲ್ಲಿದ್ದು, ಹೊರಬಂದ ನೀರು ಮೇಲ್ಮೈಗೆ ಬರದೆ ಅಲ್ಲೇ ಸಿಕ್ಕಿಬಿದ್ದರೆ, ಅದು ಸಮುದ್ರಕ್ಕಲ್ಲ, ನದಿಯ ಕಡೆಗೇ ಹೋಗುತ್ತದೆ. ಎರಡು ಆಯಾಮದ ಮಾದರಿ ಈ ಸಾಧ್ಯತೆಯನ್ನು ತೋರಿಸುವ ಪ್ರಶ್ನೆಯೇ ಇಲ್ಲ. ಚೆನ್ನಾಗಿ ಕಲಕಿದ, ನದಿಯಿಲ್ಲದ, ಆಳ ಕಡಿಮೆಯಿರುವ ಕೊಲ್ಲಿಗೆ ಅಂಥ ಮಾದರಿ ಸಾಕು. ನಿಮ್ಮದಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ.

‘3 ದಿನ’ ಎಲ್ಲಿಂದ ಬಂತು ಎಂಬುದನ್ನು ನಾನು ಬಲ್ಲೆ ಅನಿಸುತ್ತದೆ. ಇಳಿತದ ಹೊತ್ತಿನ ನೀರು 10 ಕೋಟಿ ಘನ ಮೀಟರ್, ಉಬ್ಬರ ತರುವುದು 2 ಕೋಟಿ, ತುಂಬಿದಾಗ ಒಟ್ಟು 12 ಕೋಟಿ. ಪ್ರತಿ ಸುತ್ತಿಗೆ ಆರನೇ ಒಂದು ಭಾಗ ಹೊರಹೋಗುತ್ತದೆ. ಆರು ಸುತ್ತು ಎಂದರೆ ಸುಮಾರು 75 ಗಂಟೆ, 3 ದಿನ. ಚೀಟಿಯ ಹಿಂಬದಿಯಲ್ಲಿ ಮಾಡುವ ಲೆಕ್ಕ ಇದು, ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಇದರ ಒಳಗೆ ಮೂರು ಊಹೆಗಳು ಅಡಗಿವೆ. ಕೊಲ್ಲಿಯ ನೀರೆಲ್ಲ ಪ್ರತಿ ಉಬ್ಬರಕ್ಕೂ ಪೂರ್ತಿ ಕಲೆಯುತ್ತದೆ ಎಂಬುದು ಮೊದಲನೆಯದು. ನಡುಕೊಲ್ಲಿಯಲ್ಲಿ 700 ಮೀಟರಷ್ಟೇ ಓಡಾಡುವ ನೀರು ಹಾಗೆ ಕಲೆಯುವುದಿಲ್ಲ ಎಂದು ಆಗಲೇ ನೋಡಿದೆವು. ಹೊರಹೋದ ನೀರು ಮತ್ತೆ ಬರುವುದಿಲ್ಲ ಎಂಬುದು ಎರಡನೆಯದು. ಅರ್ಧ ನೀರು ಬಾಯಿಯ ಹೊರಗೇ ಸುಳಿದಾಡಿ ಮುಂದಿನ ಉಬ್ಬರಕ್ಕೆ ವಾಪಸಾದರೆ 3 ದಿನ 6 ದಿನವಾಗುತ್ತದೆ. ಮೂರನೆಯದು ‘ಬದಲಾಗುತ್ತದೆ’ ಎಂಬ ಮಾತು. ಪ್ರತಿ ಸಲ ಇದ್ದದ್ದರಲ್ಲಿ ಆರನೇ ಒಂದು ಭಾಗ ಹೋದರೆ, ಆರು ಸುತ್ತಿನ ನಂತರವೂ ಮೊದಲಿದ್ದ ನೀರಿನಲ್ಲಿ ಮೂರನೇ ಒಂದು ಭಾಗ ಅಲ್ಲೇ ಇರುತ್ತದೆ. ಇನ್ನಾರು ಸುತ್ತಾದರೂ ಶೇ 11 ಉಳಿದಿರುತ್ತದೆ.

ಇಲ್ಲಿ 3 ದಿನವೋ 6 ದಿನವೋ ಎಂದು ಕೂದಲು ಸೀಳುವುದೇಕೆ? ಕೊಳವೆ ಒಂದು ದಿನ ಹರಿದು ನಿಲ್ಲುವಂಥದ್ದಲ್ಲ. ದಿನವೂ ಬರುವ ಕೊಳೆಗೆ, ಕೊಲ್ಲಿಯಲ್ಲಿ ಶೇಖರವಾಗುವ ಪ್ರಮಾಣ ನೀರು ನಿಲ್ಲುವ ಕಾಲಕ್ಕೆ ನೇರ ಅನುಪಾತದಲ್ಲಿರುತ್ತದೆ. ಕಾಲ ಎರಡು ಪಟ್ಟಾದರೆ ಕೊಳೆಯೂ ಎರಡು ಪಟ್ಟು. ಆದ್ದರಿಂದ ‘ಕೊಲ್ಲಿಗೆ ಒಂದು ಅಂಕಿ’ ಬೇಡ, ನಕ್ಷೆ ಕೇಳಿ: ಕೊಲ್ಲಿಯ ಪ್ರತಿ ಭಾಗದಲ್ಲೂ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬ ನಕ್ಷೆ. ಮೂರು ಆಯಾಮದ ಮಾದರಿ ಇದ್ದವರಿಗೆ ಅದನ್ನು ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಬಾಯಿಯ ಹತ್ತಿರ ಒಂದು ದಿನ, ಒಳಮೂಲೆಯಲ್ಲಿ ಕೆಲವು ವಾರ ಎಂಬಂಥ ಚಿತ್ರ ಬಂದರೆ ಆಶ್ಚರ್ಯಪಡಬೇಡಿ.

ಈ ಹಂತದಲ್ಲಿ ಒಂದು ಹಳೆಯ ಉದಾಹರಣೆ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಅಡ್ಡಗಟ್ಟೆಗಳನ್ನು ಕಟ್ಟಿ ಸಿಹಿನೀರಿನ ಸರೋವರಗಳನ್ನು ಮಾಡಬೇಕೆಂದು ಜಾನ್ ರೀಬರ್ ಎಂಬಾತ ಯೋಜನೆ ಮುಂದಿಟ್ಟಿದ್ದ. ಅದನ್ನು ಪರೀಕ್ಷಿಸಲು ಅಮೆರಿಕ ಸೇನೆಯ ಎಂಜಿನಿಯರ್ ವಿಭಾಗ 1957ರಲ್ಲಿ ಸೌಸಲಿಟೊ ಎಂಬಲ್ಲಿ ಇಡೀ ಕೊಲ್ಲಿಯನ್ನು ಕಾಂಕ್ರೀಟಿನಲ್ಲಿ ಕಟ್ಟಿತು: ಅಗಲದಲ್ಲಿ ಸಾವಿರಕ್ಕೆ ಒಂದು, ಆಳದಲ್ಲಿ ನೂರಕ್ಕೆ ಒಂದು ಅಳತೆ. ಒಂದು ದಿನದ ಉಬ್ಬರ ಇಳಿತ ಅಲ್ಲಿ 15 ನಿಮಿಷದಲ್ಲಿ ಮುಗಿಯುತ್ತಿತ್ತು. ಗಟ್ಟೆಗಳನ್ನು ಇಟ್ಟು ನೋಡಿ, ಯೋಜನೆ ನಡೆಯದು ಎಂಬ ತೀರ್ಮಾನಕ್ಕೆ ಬಂದರು. ನನಗೆ ಅದರಲ್ಲಿ ಕುತೂಹಲದ್ದು ಕಾಣುವುದು ತಾಮ್ರದ ಪಟ್ಟಿಗಳು. ತಳದ ಘರ್ಷಣೆ ನಿಜವಾದ ಕೊಲ್ಲಿಯಂತೆ ಬರಲೆಂದು ಲಕ್ಷಾಂತರ ತಾಮ್ರದ ಪಟ್ಟಿಗಳನ್ನು ಕಾಂಕ್ರೀಟಿನಲ್ಲಿ ನೆಟ್ಟಿದ್ದರು. ನೀರು ಅಳತೆಯಂತೆ ನಡೆದುಕೊಳ್ಳುವ ತನಕ ಅವನ್ನು ಬಗ್ಗಿಸಿ ನೇರಮಾಡಿ ಸರಿಹೊಂದಿಸುತ್ತಿದ್ದರು. ಇಂದಿನ ಮಾದರಿಯಲ್ಲಿ ಅದೇ ಕೆಲಸಕ್ಕೆ ಘರ್ಷಣಾಂಕ ಎಂಬ ಒಂದು ಅಂಕಿಯಿದೆ. ಪಟ್ಟಿ ಬಗ್ಗಿಸಿದರೆ ನೋಡುವವರಿಗೆ ಕಾಣುತ್ತಿತ್ತು, ಅಂಕಿ ಬದಲಿಸಿದರೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಹೀಗೆ ಸರಿಹೊಂದಿಸುವುದು ಮೋಸವಲ್ಲ, ಮಾಡಲೇಬೇಕಾದದ್ದು. ಆದರೆ ಸರಿಹೊಂದಿಸಲು ಬಳಸಿದ ಅಳತೆಗಳನ್ನೇ ಮತ್ತೆ ತೋರಿಸಿ ‘ನೋಡಿ, ಹೊಂದುತ್ತಿದೆ’ ಎನ್ನುವಂತಿಲ್ಲ. ಒಂದು ಅವಧಿಯ ಅಳತೆಗೆ ಹೊಂದಿಸಿ, ಏನನ್ನೂ ಮುಟ್ಟದೆ ಬೇರೆ ಅವಧಿಯ ಅಳತೆಗೆ ಹೋಲಿಸಬೇಕು. ನಿಮ್ಮ ವರದಿಯಲ್ಲಿ ಈ ಎರಡು ಅವಧಿಗಳ ದಿನಾಂಕಗಳು ಬೇರೆ ಬೇರೆ ಇವೆಯೇ ನೋಡಿ.

ಈಗ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಮಾದರಿಯ ತಪ್ಪುಗಳು ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ; ಸಾಮಾನ್ಯವಾಗಿ ‘ತೊಂದರೆಯಿಲ್ಲ’ ಎಂಬ ಕಡೆಗೇ ವಾಲುತ್ತವೆ. ಕೊಳವೆಯಿಂದ ಬಂದ ನೀರನ್ನು 100 ಮೀಟರ್ ಚೌಕದ, 5 ಮೀಟರ್ ಆಳದ ಕೋಣೆಗೆ ಸುರಿದ ತಕ್ಷಣ, ಮಾದರಿಯ ಪಾಲಿಗೆ ಅದು 5 ಕೋಟಿ ಲೀಟರ್ ನೀರಿನಲ್ಲಿ ಕಲೆತುಹೋಗಿರುತ್ತದೆ. ನಿಜದಲ್ಲಿ ಅದು ಕೆಲವೇ ಮೀಟರ್ ಅಗಲದ ಗಾಢವಾದ ಎಳೆಯಾಗಿ ಸಾಗುತ್ತಿರಬಹುದು. ಮೇಲಾಗಿ ಕೋಣೆಯಿಂದ ಕೋಣೆಗೆ ದಾಟಿಸುವಾಗ ಸರಳ ಲೆಕ್ಕದ ವಿಧಾನ ತಾನಾಗಿಯೇ ಎಲ್ಲವನ್ನೂ ಹರಡಿಬಿಡುತ್ತದೆ. ಸೆಕೆಂಡಿಗೆ 50 ಸೆಂ.ಮೀ. ಸೆಳೆತ, 100 ಮೀಟರ್ ಚೌಕ ಇದ್ದರೆ ಈ ಸುಳ್ಳು ಹರಡುವಿಕೆ ಸೆಕೆಂಡಿಗೆ 25 ಚದರ ಮೀಟರ್ ತನಕ ಹೋಗುತ್ತದೆ. ಅಷ್ಟು ಸಣ್ಣ ಜಾಗದಲ್ಲಿ ಸಮುದ್ರ ನಿಜವಾಗಿ ಹರಡುವ ಪ್ರಮಾಣ ಸಾಮಾನ್ಯವಾಗಿ 1ಕ್ಕಿಂತಲೂ ಕಡಿಮೆ. ಕೊಳೆಯನ್ನು ಕರಗಿಸಿದ್ದು ಸಮುದ್ರವಲ್ಲ, ಅಂಕಗಣಿತ. ಇದನ್ನು ಕಡಿಮೆ ಮಾಡುವ ಉತ್ತಮ ವಿಧಾನಗಳು ಈಗಿನ ಎಲ್ಲ ಮುಖ್ಯ ತಂತ್ರಾಂಶಗಳಲ್ಲೂ ಇವೆ, ಬಳಸಿದ್ದಾರೆಯೇ ಎಂಬುದೇ ಪ್ರಶ್ನೆ. ಕೊಳವೆಯ ಬಾಯಿಯ ಹತ್ತಿರದ ಕೆಲವು ಮೀಟರುಗಳಿಗೆ ಕಾರ್ಮಿಕ್ಸ್‌ನಂಥ ಪ್ರತ್ಯೇಕ ಮಾದರಿ ಬಳಸುವುದು ರೂಢಿ. ವರದಿಯಲ್ಲಿ ಅದರ ಹೆಸರು ಇಲ್ಲದಿದ್ದರೆ ಕೇಳಿ.

ಮೇಲೆ-ಕೆಳಗಿನ ಕಲಕುವಿಕೆಯಲ್ಲೂ ಇದೇ ಕತೆ. ಮಾದರಿ ಹೆಚ್ಚಾಗಿ ಕಲಕಿದರೆ ಮೇಲ್ಮೈಯ ಆಮ್ಲಜನಕ ಬೇಗ ತಳಕ್ಕಿಳಿದು, ಇಲ್ಲದ ಆರೋಗ್ಯ ಕಾಣಿಸುತ್ತದೆ. ರೋಗಾಣುಗಳ ಲೆಕ್ಕದಲ್ಲಂತೂ ಇನ್ನೂ ಸುಲಭ: ಕಡು ಬಿಸಿಲಿನಲ್ಲಿ, ತಿಳಿ ಸಮುದ್ರದ ನೀರಿನಲ್ಲಿ ಮಲಜನ್ಯ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಬಹುಪಾಲು ಸಾಯುತ್ತವೆ, ರಾತ್ರಿ ಅಥವಾ ಕದಡಿದ ನೀರಿನಲ್ಲಿ ದಿನಗಟ್ಟಲೆ ಬದುಕುತ್ತವೆ. ಮಧ್ಯಾಹ್ನದ ಸಾವಿನ ದರವನ್ನೇ ಇಪ್ಪತ್ತನಾಲ್ಕು ಗಂಟೆಗೂ ಹಾಕಿದರೆ ಎಂಥ ಕೊಲ್ಲಿಯೂ ಈಜಲು ಯೋಗ್ಯ!

ಇಷ್ಟೂ ನೀರಿನ ಓಟದ ಮಾತು. ಗುಣಮಟ್ಟದ ಲೆಕ್ಕ ಇದರ ಮೇಲೆ ಕೂರುತ್ತದೆ, ಮತ್ತು ಅದು ಇನ್ನೂ ಹೊಯ್ದಾಡುವಂಥದ್ದು. ಇದರ ಮೂಲ 1925ರಲ್ಲಿ ಒಹಾಯೊ ನದಿಗಾಗಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಬರೆದ ಸಮೀಕರಣ: ಕೊಳೆ ಆಮ್ಲಜನಕವನ್ನು ತಿನ್ನುತ್ತದೆ, ಗಾಳಿ ಅದನ್ನು ತುಂಬಿಕೊಡುತ್ತದೆ, ಎರಡರ ಜಗ್ಗಾಟದಲ್ಲಿ ಆಮ್ಲಜನಕ ಕುಸಿದು ಮತ್ತೆ ಏರುತ್ತದೆ. ಕೊಲ್ಲಿಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ, ಯಾಕೆಂದರೆ ಶುದ್ಧೀಕರಿಸಿದ ನೀರಿನಲ್ಲೂ ಸಾರಜನಕ ಉಳಿದಿರುತ್ತದೆ. ವಿಶೇಷವಾಗಿ ತೆಗೆಯದ ಹೊರತು ಸಾಮಾನ್ಯ ಘಟಕಗಳು ಅದರ ಬಹುಪಾಲನ್ನು ಹಾಗೇ ಬಿಡುತ್ತವೆ. ಸಾರಜನಕ ಪಾಚಿಗೆ ಗೊಬ್ಬರ. ಸಮುದ್ರದ ಸೂಕ್ಷ್ಮ ಪಾಚಿಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು ಸರಾಸರಿ 106, 16, 1ರ ಪ್ರಮಾಣದಲ್ಲಿರುತ್ತವೆ. ಇದಕ್ಕೆ ರೆಡ್‌ಫೀಲ್ಡ್ ಅನುಪಾತ ಎನ್ನುತ್ತಾರೆ. ಇದನ್ನು ಹಿಡಿದು ಒಂದು ಗ್ರಾಂ ಸಾರಜನಕದ ಹಿಂದೆ ಹೋಗೋಣ. ಅದು ಸುಮಾರು 5.7 ಗ್ರಾಂ ಇಂಗಾಲದಷ್ಟು ಪಾಚಿಯನ್ನು ಬೆಳೆಸುತ್ತದೆ. ಆ ಪಾಚಿ ಸತ್ತು ತಳಕ್ಕಿಳಿದು ಪೂರ್ತಿ ಕೊಳೆತರೆ ಸುಮಾರು 20 ಗ್ರಾಂ ಆಮ್ಲಜನಕ ಬೇಕು. ಬೆಚ್ಚಗಿನ ಸಮುದ್ರದ ನೀರಿನಲ್ಲಿ ಲೀಟರಿಗೆ ಹಿಡಿಯುವುದೇ 7 ಮಿಲಿಗ್ರಾಂ ಆಸುಪಾಸು. ಅಲ್ಲಿಗೆ ಒಂದು ಗ್ರಾಂ ಸಾರಜನಕ ಸುಮಾರು 3000 ಲೀಟರ್ ತಳದ ನೀರಿನ ಉಸಿರನ್ನು ಪೂರ್ತಿ ಹೀರಬಲ್ಲದು. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನು, ಏಡಿಗಳಿಗೆ ಉಳಿಗಾಲವಿಲ್ಲ. ‘ನೀರು ಶುದ್ಧೀಕರಿಸಿದ್ದು’ ಎಂಬ ಸಮಾಧಾನ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ದಿನಕ್ಕೆ ಎಷ್ಟು ಕಿಲೋ ಸಾರಜನಕ ಬರುತ್ತದೆ ಎಂದು ಕೇಳಿ.

ಪಾಚಿ ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಬೆಳಕು ಬೇಕು, ಎಷ್ಟು ಬೇಗ ಮುಳುಗುತ್ತದೆ, ಎಷ್ಟನ್ನು ಸಣ್ಣ ಜೀವಿಗಳು ಮೇಯುತ್ತವೆ, ಹೀಗೆ ಗುಣಮಟ್ಟದ ಮಾದರಿಯಲ್ಲಿ ಹತ್ತಾರು ಅಂಕಿಗಳಿವೆ. ಬೆಳವಣಿಗೆ ಹೆಚ್ಚಿಸಿ ಮೇಯುವಿಕೆಯನ್ನೂ ಹೆಚ್ಚಿಸಿದರೆ ಅದೇ ಹಸಿರು ಬರುತ್ತದೆ. ಎರಡನ್ನೂ ಇಳಿಸಿದರೂ ಅದೇ ಬರುತ್ತದೆ. ಅಂದರೆ ಇಂದಿನ ಸ್ಥಿತಿಗೆ ಸರಿಹೊಂದಿದ ಎರಡು ಮಾದರಿಗಳು ನಾಳಿನ ಕೊಳವೆಗೆ ಎರಡು ಬೇರೆ ಉತ್ತರ ಕೊಡಬಹುದು. 1990ರಿಂದ 2002ರ ತನಕ ಪ್ರಕಟವಾದ ಇಂಥ 153 ಅಧ್ಯಯನಗಳನ್ನು ಆರ್ಹಾಂಡಿಟ್ಸಿಸ್ ಮತ್ತು ಬ್ರೆಟ್ 2004ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಕಂಡದ್ದೂ ಇದೇ ಇಳಿಜಾರು: ಉಷ್ಣತೆ ಮತ್ತು ಆಮ್ಲಜನಕದಲ್ಲಿ ಮಾದರಿಗಳು ಚೆನ್ನಾಗಿ ಹೊಂದುತ್ತವೆ, ಪೋಷಕಾಂಶ ಮತ್ತು ಪಾಚಿಯಲ್ಲಿ ಅಷ್ಟಿಲ್ಲ, ಬ್ಯಾಕ್ಟೀರಿಯಾದಲ್ಲಿ ತೀರಾ ಕಡಿಮೆ. ತಳದ ಕೆಸರು ಇನ್ನೊಂದು ತಲೆನೋವು. ವರ್ಷಗಟ್ಟಲೆ ಬಿದ್ದ ಕೊಳೆಯನ್ನು ಅದು ಇಟ್ಟುಕೊಂಡಿರುತ್ತದೆ, ಆಮ್ಲಜನಕ ಇಳಿದಾಗ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯ ಮಾದರಿಗೆ 1990ರ ದಶಕದಲ್ಲಿ ಕೆಸರಿನ ಪ್ರತ್ಯೇಕ ಮಾದರಿಯನ್ನೇ ಜೋಡಿಸಬೇಕಾಯಿತು. 2010ರಲ್ಲಿ ಅಲ್ಲಿನ ಆರು ರಾಜ್ಯಗಳಿಗೂ ರಾಜಧಾನಿ ವಾಷಿಂಗ್ಟನ್‌ಗೂ ಸಾರಜನಕ, ರಂಜಕ, ಹೂಳಿನ ಮಿತಿ ಹಾಕಿದ್ದು ಅಂಥ ಮಾದರಿಗಳ ಆಧಾರದ ಮೇಲೆ.

ಇಷ್ಟು ಹೇಳಿದ ಮೇಲೆ ‘ಮಾದರಿಯೆಲ್ಲ ಬೂಟಾಟಿಕೆ’ ಎಂದುಕೊಳ್ಳಬೇಡಿ. ಬಾಸ್ಟನ್ ಬಂದರಿನ ಕೊಳಚೆಯನ್ನು ಒಳಬಂದರಿಗೆ ಬಿಡುವ ಬದಲು 15 ಕಿ.ಮೀ. ಸುರಂಗ ಕೊರೆದು ಮ್ಯಾಸಚೂಸೆಟ್ಸ್ ಕೊಲ್ಲಿಯ 30 ಮೀಟರ್ ಆಳಕ್ಕೆ ಬಿಡಬೇಕೆಂದಾಗ, ದೂರದ ದಂಡೆಗಳ ಜನ ನಿಮ್ಮಂತೆಯೇ ಗಾಬರಿಯಾಗಿದ್ದರು. ಮೂರು ಆಯಾಮದ ಮಾದರಿ ಮೊದಲೇ ಹೇಳಿತ್ತು: ಬಂದರು ಬಹಳ ಸುಧಾರಿಸುತ್ತದೆ, ಹೊರಕೊಲ್ಲಿಯಲ್ಲಿ ಬದಲಾವಣೆ ಕೊಳವೆಯ ಆಸುಪಾಸಿಗೆ ಸೀಮಿತ, ಬೇಸಿಗೆಯಲ್ಲಿ ಕೊಳೆನೀರು ಮೇಲ್ಮೈಗೆ ಬಾರದೆ ಕೆಳಗೇ ನಿಲ್ಲುತ್ತದೆ. 2000ದ ಸೆಪ್ಟೆಂಬರಿನಲ್ಲಿ ಸುರಂಗ ತೆರೆದ ಮೇಲೆ ಅಳೆದಾಗ ಬಹುಮಟ್ಟಿಗೆ ಹಾಗೇ ಆಯಿತು. ಆದರೆ ಆ ಮಾದರಿಯನ್ನು ಬರೀ ನೀರಿನ ಮಟ್ಟಕ್ಕೆ ಹೋಲಿಸಿ ಬಿಟ್ಟಿರಲಿಲ್ಲ. ಸೆಳೆತ, ಲವಣಾಂಶ, ಉಷ್ಣತೆಯ ಅಳತೆಗಳಿದ್ದವು, ಸುರಂಗ ತೆರೆಯುವ ಮುಂಚಿನ ಹಲವು ವರ್ಷಗಳ ಮಾಹಿತಿಯಿತ್ತು, ತೆರೆದ ಮೇಲೂ ಅಳತೆ ನಿಲ್ಲಲಿಲ್ಲ.

ಹಾಗಾದರೆ ಸಭೆಯಲ್ಲಿ ಏನು ಕೇಳುವುದು? ನಾನಾಗಿದ್ದರೆ ಮೊದಲು ಕೇಳುವುದು ಲವಣಾಂಶದ ಗ್ರಾಫ್. ಮೇಲ್ಮೈಯದು ಮತ್ತು ತಳದ್ದು, ಕನಿಷ್ಠ ಮೂರು ನಾಲ್ಕು ಜಾಗಗಳಲ್ಲಿ. ಉಪ್ಪು ಕೊಳೆಯುವುದಿಲ್ಲ, ಬೆಳೆಯುವುದಿಲ್ಲ, ನೀರು ಎಲ್ಲಿ ಎಷ್ಟು ಕಲೆಯಿತು ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇರೆಯಿಲ್ಲ. ಉಪ್ಪನ್ನೇ ಸರಿಯಾಗಿ ತೋರಿಸದ ಮಾದರಿ ಪಾಚಿಯ ಬಗ್ಗೆ ಹೇಳುವುದನ್ನು ಕೇಳಬೇಕಾಗಿಲ್ಲ. ಆಮೇಲೆ ಅವಧಿ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು ದಿನ ಓಡಿಸಿ ನಿಲ್ಲಿಸುವುದು ಇಂಥ ವರದಿಗಳ ಚಾಳಿ. ಆಮ್ಲಜನಕಕ್ಕೆ ಕೆಟ್ಟ ಕಾಲವೆಂದರೆ ಅಷ್ಟಮಿಯ ಸಣ್ಣ ಉಬ್ಬರ, ಗಾಳಿಯಿಲ್ಲದ ದಿನಗಳು, ಬೆಚ್ಚಗಿನ ನೀರು, ಮೊದಲ ಮಳೆಗೆ ನದಿ ಹೊತ್ತು ತಂದ ಕೊಳೆ, ಇವೆಲ್ಲ ಒಟ್ಟಿಗೆ ಸೇರಿದಾಗ. ಒಂದು ಇಡೀ ವರ್ಷ ಓಡಿಸದಿದ್ದರೆ ಆ ವಾರ ಮಾದರಿಯ ಕಣ್ಣಿಗೆ ಬೀಳುವುದೇ ಇಲ್ಲ. ತೆರೆದ ಗಡಿಯನ್ನು ಬಾಯಲ್ಲೇ ಇಟ್ಟಿದ್ದಾರೋ, ಹೊರಸಮುದ್ರದಲ್ಲಿ ದೂರ ಇಟ್ಟಿದ್ದಾರೋ ಎಂಬುದನ್ನೂ ಕೇಳಿ; ಬಾಯಲ್ಲೇ ಇಟ್ಟು ‘ಒಳಬರುವ ನೀರು ಯಾವಾಗಲೂ ಶುದ್ಧ’ ಎಂದು ಕೊಟ್ಟಿದ್ದರೆ, ಹೊರಹೋದ ಕೊಳೆ ಮರಳಿ ಬರುವ ಮಾತು ಲೆಕ್ಕದಿಂದಲೇ ಮಾಯ. 300 ಮೀಟರ್ ಬಾಯಿಗೆ ಎಷ್ಟು ಚೌಕಗಳಿವೆ? ಮೂರು ಅಂದರೆ ಸಾಲದು. ಘರ್ಷಣಾಂಕ, ಗಾಳಿ, ಪಾಚಿಯ ಬೆಳವಣಿಗೆಯ ದರ ಇವನ್ನು ತುಸು ಮೇಲೆ ಕೆಳಗೆ ಮಾಡಿ ನೋಡಿದ್ದಾರೆಯೇ, ಉತ್ತರ ಎಷ್ಟರಿಂದ ಎಷ್ಟರ ತನಕ ಹೋಯಿತು? ಒಂದೇ ಅಂಕಿ ಕೊಡುವವರಿಗಿಂತ ‘5ರಿಂದ 12 ದಿನ’ ಎನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ.

ಅಳತೆಯನ್ನು ನೀವೂ ಮಾಡಬಹುದು. ತಳದ ಆಮ್ಲಜನಕವನ್ನು ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಆಗಲೇ ಅದು ಅತಿ ಕಡಿಮೆ ಇರುತ್ತದೆ. ಹಗಲು ಹನ್ನೊಂದು ಗಂಟೆಗೆ ಮೇಲ್ಮೈಯ ನೀರನ್ನು ತುಂಬಿಕೊಂಡು ಹೋಗಿ ‘ಆಮ್ಲಜನಕ ಧಾರಾಳ’ ಎಂದು ಬರೆದ ಕೋಷ್ಟಕಕ್ಕೆ ಬೆಲೆಯಿಲ್ಲ. ಮೇಲಿನ ಮತ್ತು ತಳದ ಲವಣಾಂಶವನ್ನೂ ಅದೇ ದೋಣಿಯಿಂದ ಕೈಯಲ್ಲಿ ಹಿಡಿಯುವ ಉಪಕರಣದಲ್ಲೇ ಅಳೆಯಬಹುದು. ಎರಡರ ನಡುವೆ ಎದ್ದುಕಾಣುವ ವ್ಯತ್ಯಾಸ ಕಂಡರೆ, ಆಳ-ಸರಾಸರಿ ಮಾದರಿ ನಿಮ್ಮ ಕೊಲ್ಲಿಗೆ ಹೊಂದದು ಎಂದು ಹೇಳಲು ಅಷ್ಟೇ ಸಾಕು.

ತಂತ್ರಾಂಶದ ಹೆಸರಿನಿಂದ ಮಾತ್ರ ಹೆದರಬೇಡಿ. ಡೆಲ್ಫ್ಟ್3ಡಿ, ಮೈಕ್, ರಾಮ್ಸ್, ಎಫ್‌ವಿಕಾಮ್, ಯಾವುದಾದರೂ ಸರಿ, ಸಮೀಕರಣಗಳು ಹೆಚ್ಚುಕಡಿಮೆ ಅವೇ. ನೆದರ್ಲೆಂಡ್ಸಿನ ಡೆಲ್ಫ್ಟ್3ಡಿಯ ಮುಖ್ಯ ಭಾಗಗಳು 2011ರಿಂದ ಮುಕ್ತವಾಗಿ ಸಿಗುತ್ತವೆ, ರಾಮ್ಸ್ ಕೂಡ ಮುಕ್ತ. ಆದ್ದರಿಂದ ವರದಿಯ ಜತೆಗೆ ಮಾದರಿಗೆ ಕೊಟ್ಟ ಕಡತಗಳನ್ನೂ ಲಿಖಿತವಾಗಿ ಕೇಳಿ: ಆಳದ ನಕ್ಷೆ, ಗಡಿಯಲ್ಲಿ ಕೊಟ್ಟ ಅಂಕಿಗಳು, ಗಾಳಿ, ನದಿಯ ಹರಿವು, ಘರ್ಷಣಾಂಕ. ಮುಕ್ತ ತಂತ್ರಾಂಶದಲ್ಲಿ ಮಾಡಿದ್ದಾದರೆ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ವಿದ್ಯಾರ್ಥಿ 20,000 ಕೋಣೆಗಳ ಮಾದರಿಯನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಮತ್ತೆ ಓಡಿಸಿ, ಗಡಿಯನ್ನು ದೂರ ಸರಿಸಿದರೆ 3 ದಿನ ಎಷ್ಟಾಗುತ್ತದೆ ಎಂದು ಹೇಳಬಲ್ಲ.